ಮೋನಪ್ಪ: ಸುರಪುರ ಸೀಮೆಯ ಒಂದು ಗಂಡುಹೆಸರಿನ ಮೂಲ

ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ಮೋನಪ್ಪ, ಮೋನಯ್ಯ, ಮೌನೇಶ ತೀರ ಪರಿಚಿತ ಹೆಸರುಗಳು, ಹೆಣ್ಣುಮಕ್ಕಳಾದರೆ ಮೋನಮ್ಮ. ವ್ಯಾಕರಣದ ದಾರಿಯಲ್ಲಿ ನಡೆದರೆ ಅರ್ಥ ಬೇಗ ಸಿಗುತ್ತದೆ. ಮುನಿಯ ಭಾವವೇ ಮೌನ. ತದ್ಧಿತ ಪ್ರತ್ಯಯ ಸೇರಿದಾಗ ಆದಿಯ ಉಕಾರಕ್ಕೆ ವೃದ್ಧಿ ಬಂದಿದೆ. ಅದರ ತದ್ಭವ 'ಮೋನ' ಹಳಗನ್ನಡಕ್ಕೂ ಗೊತ್ತಿದ್ದ ರೂಪ. ಹಾಗಾಗಿ ಮೋನಪ್ಪನನ್ನು ತಪ್ಪು ಉಚ್ಚಾರವೆಂದು ಭಾವಿಸಿ ಶಾಲೆಯ ದಾಖಲೆಯಲ್ಲಿ ಮೌನೇಶನೆಂದು ತಿದ್ದುವುದಕ್ಕೆ ಭಾಷೆಯ ಆಧಾರವಿಲ್ಲ.

ಇಷ್ಟಕ್ಕೆ ನಿಂತರೆ ಹೆಸರಿನ ಮೂಲ ಕೈಗೆ ಸಿಕ್ಕಂತಾಗದು. ಈ ಹೆಸರಿಡುವ ತಂದೆತಾಯಿಯ ಮನಸ್ಸಿನಲ್ಲಿರುವುದು ಸುರಪುರ ತಾಲ್ಲೂಕಿನ ತಿಂಥಣಿ. ಕೃಷ್ಣೆಯ ದಂಡೆಯ ಆ ಊರಿನ ಮೌನೇಶ್ವರ, ಭಕ್ತರ ಬಾಯಲ್ಲಿ ಮೋನಪ್ಪಯ್ಯ, ಸುರಪುರದ ಬಳಿಯ ದೇವರಗೋನಾಲದ ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ವಚನಕಾರ. ಅವನ ಹೆಸರು ವಿಶ್ವಕರ್ಮರ ಎಲ್ಲೆ ದಾಟಿ ಬೇರೆ ಬೇರೆ ಜಾತಿಯ ಮನೆಗಳ ತೊಟ್ಟಿಲು ಸೇರಿದೆ. ಸ್ಪೇನಿನ 'ಸಾಂತಿಯಾಗೊ' ಎಂಬ ಗಂಡುಹೆಸರೂ ಹೀಗೆಯೇ ಬೆಳೆದದ್ದು: 'ಸಂತ' ಎಂಬ ಬಿರುದು ಯಾಕೋಬನ ಹೆಸರಿಗೆ ಬೆಸೆದುಕೊಂಡು, ಯಾತ್ರಾಸ್ಥಳದ ಹೆಸರೂ ಮಕ್ಕಳ ಹೆಸರೂ ಆಯಿತು.

ತಿಂಥಣಿಯಲ್ಲಿ ಇನ್ನೂ ಒಂದು ಎಳೆ ಇದೆ, ನನಗೆ ಅದೇ ಮುಖ್ಯ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಈ ಗದ್ದುಗೆಯ ಜಾತ್ರೆಯ ಜಯಘೋಷದಲ್ಲಿ ಮೌನೇಶ್ವರ 'ಮೌನುದ್ದೀನ'ನಾಗುತ್ತಾನೆ, ಪೀರನೂ ಆಗುತ್ತಾನೆ. ಅರಬ್ಬಿಯ 'ಮುಈನುದ್ದೀನ್' ಎಂದರೆ ಧರ್ಮಕ್ಕೆ ನೆರವಾಗುವವನು. ಸಂಸ್ಕೃತದ ಮೌನಕ್ಕೂ ಅದಕ್ಕೂ ಧಾತುಸಂಬಂಧ ಯಾವುದೂ ಇಲ್ಲ. ದನಿಯ ಹೋಲಿಕೆ ಸಾಕಾಯಿತು. ಉಳಿದದ್ದನ್ನು ಭಕ್ತಿ ಮಾಡಿತು. ಇದನ್ನು ಅಜ್ಞಾನದ ವ್ಯುತ್ಪತ್ತಿ ಎಂದು ತಳ್ಳಿಹಾಕುವ ವಿದ್ವತ್ತನ್ನು ನಾನು ಒಪ್ಪಲಾರೆ. ಇದೇ ನೆಲದ ಹಿಂದೂ ಮನೆಗಳಲ್ಲಿ ಹುಸೇನಪ್ಪ, ಮೌಲಪ್ಪ, ಲಾಲಪ್ಪ ಇದ್ದಾರೆ. ಹುಸೇನ್ ಎಂಬ ಅರಬ್ಬಿ ಹೆಸರಿಗೆ ಕನ್ನಡದ 'ಅಪ್ಪ' ಸೇರಿದ್ದು ಮೊಹರಮ್ಮಿನ ಅಲಾಯಿಯ ಮುಂದೆ ಹೊತ್ತ ಹರಕೆಗಳಿಂದ. ಮೌನುದ್ದೀನ ಎಂಬ ರೂಪವನ್ನು ಈ ಹೆಸರುಗಳ ಜೊತೆಗಿಟ್ಟು ಓದಬೇಕು.

ಮೋನಪ್ಪ, ಹುಸೇನಪ್ಪ ಈಗ ಅಜ್ಜಂದಿರ ಹೆಸರಾಗುತ್ತಿವೆ. ಈ ಮೂರು ತಾಲ್ಲೂಕುಗಳ ಹಳೆಯ ಶಾಲಾ ದಾಖಲಾತಿ ಪುಸ್ತಕಗಳಿಂದ ಇಂಥ ಹೆಸರುಗಳನ್ನು ಊರುವಾರು, ಮೂಲ ಕಾಗುಣಿತದಲ್ಲೇ ಸಂಗ್ರಹಿಸುವ ಕೆಲಸವನ್ನು ಈ ಭಾಗದ ಕನ್ನಡ ಅಧ್ಯಾಪಕರು ಕೈಗೆತ್ತಿಕೊಳ್ಳಬೇಕು.