ತನ್ನನ್ನೇ ಕೇಳಿಕೊಳ್ಳುವ ಪ್ರೋಗ್ರಾಮು, ತನ್ನನ್ನೇ ನೋಡಿಕೊಂಡ ಕನ್ನಡ

ಉತ್ತರ ಕನ್ನಡ ಜಿಲ್ಲೆಯ ಹಳೆಯ ತಾಲೂಕು ಪಟ್ಟಿಯಲ್ಲಿ ಜೊಯಿಡಾ ಎಂಬ ಹೆಸರು ಸಿಗುವುದಿಲ್ಲ. ಅಲ್ಲಿರುವುದು ಸೂಪಾ. ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಊರು ನೀರಿನಡಿ ಹೋಯಿತು, ತಾಲೂಕು ಕಚೇರಿ ಜೊಯಿಡಾಕ್ಕೆ ಬಂತು, ಹೆಸರೂ ಅದೇ ಆಯಿತು. ಪಕ್ಕದ ದಾಂಡೇಲಿ ಮೊದಲು ಹಳಿಯಾಳ ತಾಲೂಕಿನೊಳಗಿನ ಊರು. ಈಚೆಗೆ ತಾನೇ ಒಂದು ತಾಲೂಕು. ಮುಂಡಗೋಡ ಮುಂಡಗೋಡವಾಗಿಯೇ ಇದೆ.

ಈ ನಾಲ್ಕನ್ನೂ ಒಂದು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಹಿಡಿದಿಡಬೇಕು ಎಂದಿಟ್ಟುಕೊಳ್ಳಿ. ಜಾವಾ ಬರೆಯುವವರು 'ತಾಲೂಕು' ಎಂಬ ಕ್ಲಾಸ್ ಮಾಡುತ್ತಾರೆ. ಹೆಸರು, ಜನಸಂಖ್ಯೆ, ಕೇಂದ್ರಸ್ಥಳ ಇವು ಅದರ ಫೀಲ್ಡ್‌ಗಳು. ಕಂದಾಯದ ಲೆಕ್ಕ ಹಾಕುವುದು ಅದರ ಮೆಥಡ್. ಎಲ್ಲ ಸೇರಿ ಕ್ಲಾಸಿನ ಸದಸ್ಯರು. ಇನ್ನೊಂದು ಪ್ರೋಗ್ರಾಮು ಇವನ್ನು ಬಳಸಬೇಕಾದರೆ, ಅದನ್ನು ಬರೆಯುವವರಿಗೆ ಸದಸ್ಯರ ಹೆಸರು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ, ಪ್ರೋಗ್ರಾಮು ಓಡುತ್ತಿರುವಾಗಲೇ ಆ ಕ್ಲಾಸನ್ನು 'ನಿನ್ನೊಳಗೆ ಏನೇನಿದೆ' ಎಂದು ಕೇಳಬಹುದು. ಈ ವಿದ್ಯೆಗೆ ರಿಫ್ಲೆಕ್ಷನ್ ಎಂದು ಹೆಸರು.

ಈ ವಿಚಾರಕ್ಕೆ ಗಟ್ಟಿ ಸಿದ್ಧಾಂತದ ರೂಪ ಕೊಟ್ಟವರು ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್. 1982ರಲ್ಲಿ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಅವರು 3-ಲಿಸ್ಪ್ ಎಂಬ ಭಾಷೆಯನ್ನು ಕಟ್ಟಿ ತೋರಿಸಿದರು. ಅದರಲ್ಲಿ ಬರೆದ ಪ್ರೋಗ್ರಾಮು ತಾನು ಹೇಗೆ ನಡೆಯುತ್ತಿದ್ದೇನೆ ಎಂಬುದನ್ನು ಅದೇ ಭಾಷೆಯಲ್ಲಿ ನೋಡಬಲ್ಲದು, ಬೇಕಾದರೆ ಬದಲಿಸಬಲ್ಲದು. 1987ರಲ್ಲಿ ಬ್ರಸೆಲ್ಸ್‌ನ ಪ್ಯಾಟಿ ಮಾಸ್ ಇದನ್ನು ಆಬ್ಜೆಕ್ಟ್‌ಗಳ ಲೋಕಕ್ಕೆ ತಂದರು. ಕ್ಲಾಸ್ ಕೂಡ ಒಂದು ಆಬ್ಜೆಕ್ಟೇ ಆಗಿದ್ದ ಸ್ಮಾಲ್‌ಟಾಕ್‌ನಲ್ಲಿ ಅದಕ್ಕೆ ಮೊದಲೇ ನೆಲ ಹದವಾಗಿತ್ತು.

ಇಲ್ಲಿ ಮುಖ್ಯವಾದದ್ದು 'ಅದೇ ಭಾಷೆಯಲ್ಲಿ' ಎಂಬ ಮಾತು. ಒಂದು ಭಾಷೆಯನ್ನು ಹೊರಗೆ ನಿಂತು ಇನ್ನೊಂದು ಭಾಷೆಯಲ್ಲಿ ವಿವರಿಸುವುದು ಬೇರೆ, ಭಾಷೆ ತನ್ನನ್ನು ತಾನೇ ವಿವರಿಸಿಕೊಳ್ಳುವುದು ಬೇರೆ. ಕನ್ನಡದ ವ್ಯಾಕರಣಗಳನ್ನು ತಿಳಿದವರಿಗೆ ಈ ವ್ಯತ್ಯಾಸ ಹೊಸದಲ್ಲ. ಎರಡನೆಯ ನಾಗವರ್ಮ 'ಕರ್ನಾಟಕ ಭಾಷಾಭೂಷಣ'ದಲ್ಲಿ ಕನ್ನಡಕ್ಕೆ ಸೂತ್ರ ಬರೆದದ್ದು ಸಂಸ್ಕೃತದಲ್ಲಿ. ಉತ್ತರ ಕನ್ನಡದವನೇ ಆದ, ಭಟ್ಕಳ ಸೀಮೆಯ ಹಾಡುವಳ್ಳಿ ಮಠದ ಪರಂಪರೆಯ ಭಟ್ಟಾಕಳಂಕ 1604ರಲ್ಲಿ ಮುಗಿಸಿದ 'ಕರ್ಣಾಟಕ ಶಬ್ದಾನುಶಾಸನ'ದ 592 ಸೂತ್ರಗಳೂ ಸಂಸ್ಕೃತವೇ. ಕನ್ನಡ ಶಾಸ್ತ್ರಕ್ಕೆ ಯೋಗ್ಯ ಎಂದು ವಾದಿಸಲು ಅವನಿಗೆ ಪಂಡಿತರ ಭಾಷೆ ಬೇಕಾಯಿತು. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಹೊರಗಿನ ನೋಟ.

ನಡುವೆ, ಸುಮಾರು 1260ರ ಹೊತ್ತಿಗೆ, ಕೇಶಿರಾಜ ಕನ್ನಡದ ವ್ಯಾಕರಣವನ್ನು ಕನ್ನಡದ ಕಂದಪದ್ಯಗಳಲ್ಲೇ ಬರೆದ. ನಾಗವರ್ಮ 'ಕಾವ್ಯಾವಲೋಕನ'ದ ಒಂದು ಭಾಗದಲ್ಲಿ ಈ ದಾರಿ ತುಳಿದಿದ್ದ ನಿಜ, ಆದರೆ ಇಡೀ ಗ್ರಂಥವೇ ಹೀಗೆ ನಿಂತದ್ದು ಕೇಶಿರಾಜನಲ್ಲಿ. ಸಂಧಿಯ ನಿಯಮ ಹೇಳುವ ಪದ್ಯ ತಾನೂ ಸಂಧಿಯ ನಿಯಮಕ್ಕೆ ಒಳಪಟ್ಟಿರಬೇಕಾದ ಪರಿಸ್ಥಿತಿ ಅದು. ಅವನು ಧಾತುಗಳನ್ನು ಪಟ್ಟಿ ಮಾಡುತ್ತಾನೆ, ಆ ವೇಳೆಗಾಗಲೇ ಬಳಕೆಯಲ್ಲಿ ಮಸುಕಾಗುತ್ತಿದ್ದ ೞಕಾರ ಇರುವ ಪದಗಳನ್ನೂ ಬಿಡದೆ ಪಟ್ಟಿ ಮಾಡುತ್ತಾನೆ. ಪುಸ್ತಕಕ್ಕೆ ಇಟ್ಟ ಹೆಸರು 'ಶಬ್ದಮಣಿದರ್ಪಣ'. ದರ್ಪಣ ಎಂದರೆ ಕನ್ನಡಿ. ರಿಫ್ಲೆಕ್ಷನ್ ಎಂದರೆ ಕನ್ನಡಿಯೊಳಗಿನ ಬಿಂಬ. ಒಬ್ಬರಿಂದ ಒಬ್ಬರು ಎರವಲು ಪಡೆದದ್ದಲ್ಲ, ಆದರೂ ಹೆಸರುಗಳು ಹೀಗೆ ಕೂಡಿಬಂದಾಗ ಖುಷಿಯಾಗದೆ ಇರುತ್ತದೆಯೇ?

ಭಾಷೆ ತನ್ನನ್ನೇ ವಿವರಿಸಿಕೊಳ್ಳುವಾಗ ಒಂದು ತೊಡಕು ಬರುತ್ತದೆ. 'ಅಗ್ನಿ' ಎಂದರೆ ಬೆಂಕಿಯೋ, ಅ-ಗ್ನಿ ಎಂಬ ಪದವೋ? ವ್ಯಾಕರಣದಲ್ಲಿ ಪದವು ತನ್ನ ರೂಪವನ್ನೇ ಸೂಚಿಸುತ್ತದೆ, ಅರ್ಥವನ್ನಲ್ಲ ಎಂದು ಪಾಣಿನಿ ಇದಕ್ಕೊಂದು ಸೂತ್ರವನ್ನೇ ಮಾಡಿದ. ಕೆಂಡಕ್ಕೆ ಪ್ರತ್ಯಯ ಹಚ್ಚಲಾಗದಲ್ಲ! ಜಾವಾದಲ್ಲೂ ತಾಲೂಕು ಬೇರೆ, ತಾಲೂಕು ಎಂಬ ಕ್ಲಾಸನ್ನು ವಿವರಿಸುವ 'ಕ್ಲಾಸ್' ಆಬ್ಜೆಕ್ಟ್ ಬೇರೆ. ಪ್ರಶ್ನೆ ಕೇಳುವುದು ಎರಡನೆಯದನ್ನು.

ಜಾವಾಕ್ಕೆ ಈ ಸೌಲಭ್ಯ ಪೂರ್ಣವಾಗಿ ಬಂದದ್ದು 1997ರ 1.1 ಆವೃತ್ತಿಯಲ್ಲಿ. 'ಗೆಟ್‌ಫೀಲ್ಡ್ಸ್' ಎಂದರೆ ಸಾರ್ವಜನಿಕ ಫೀಲ್ಡ್‌ಗಳು ಮಾತ್ರ, ಹಿರಿಯ ಕ್ಲಾಸಿನಿಂದ ಬಂದವೂ ಸೇರಿ. 'ಗೆಟ್‌ಡಿಕ್ಲೇರ್ಡ್‌ಫೀಲ್ಡ್ಸ್' ಎಂದರೆ ಆ ಕ್ಲಾಸಿನಲ್ಲೇ ಬರೆದ ಎಲ್ಲವೂ, ಪ್ರೈವೇಟ್ ಎಂದು ಬಚ್ಚಿಟ್ಟದ್ದೂ. ಆಮೇಲೆ 'ಸೆಟ್‌ಆ್ಯಕ್ಸೆಸಿಬಲ್' ಎಂದು ಒಂದು ಮಾತು ಹೇಳಿದರೆ ಆ ಬೀಗವೂ ತೆರೆದುಕೊಳ್ಳುತ್ತಿತ್ತು. ಪರೀಕ್ಷೆ ನಡೆಸುವ ಜೆಯುನಿಟ್ ಮೊದಲಿಗೆ 'ಟೆಸ್ಟ್' ಎಂದು ಶುರುವಾಗುವ ಮೆಥಡ್‌ಗಳನ್ನು ಹುಡುಕುತ್ತಿದ್ದದ್ದು ಹೀಗೆ ಕೇಳಿಯೇ. ಆಬ್ಜೆಕ್ಟ್‌ಗಳನ್ನು ಡೇಟಾಬೇಸಿಗೆ ತುಂಬುವ ಲೈಬ್ರರಿಗಳೂ ಅಷ್ಟೆ.

ಬೆಲೆ ಎಲ್ಲಿ ತೆರಬೇಕಾಗುತ್ತದೆ ಎಂಬುದಕ್ಕೆ ಸೂಪಾ ಸಾಕು. ಯಾರೋ 'ಸೂಪಾ' ಎಂಬ ಕ್ಲಾಸನ್ನು ಹೆಸರು ಹಿಡಿದು ಕರೆಯುವ ಸಾಲು ಬರೆದಿಟ್ಟಿದ್ದಾರೆ. ಇನ್ನೊಬ್ಬರು ಆ ಕ್ಲಾಸಿನ ಹೆಸರನ್ನು 'ಜೊಯಿಡಾ' ಎಂದು ಬದಲಿಸುತ್ತಾರೆ. ನೇರವಾಗಿ ಬರೆದಿದ್ದರೆ ಕಂಪೈಲರ್ ಅಲ್ಲೇ ಹಿಡಿದುಬಿಡುತ್ತಿತ್ತು. ಇಲ್ಲಿ ಹೆಸರು ಬರೀ ಅಕ್ಷರಗಳ ಸಾಲು, ಕಂಪೈಲರ್ ಸುಮ್ಮನಿರುತ್ತದೆ. ಪ್ರೋಗ್ರಾಮು ಓಡಿ ಆ ಸಾಲಿಗೆ ಬಂದಾಗ ಮಾತ್ರ 'ಅಂಥ ಕ್ಲಾಸೇ ಇಲ್ಲ' ಎಂದು ಬೀಳುತ್ತದೆ. ಮುಳುಗಿದ ಊರಿಗೆ ಹಾಕಿದ ಕಾಗದದ ಹಾಗೆ.

ಬಚ್ಚಿಟ್ಟದ್ದನ್ನು ಯಾರು ನೋಡಬಹುದು ಎಂಬ ಪ್ರಶ್ನೆ ಇನ್ನೂ ದೊಡ್ಡದು. 2004ರಲ್ಲಿ ಗಿಲಾಡ್ ಬ್ರಾಖಾ ಮತ್ತು ಡೇವಿಡ್ ಉಂಗಾರ್ ಒಂದು ಲೇಖನ ಬರೆದು, ಈ ಸೌಲಭ್ಯವನ್ನು ಆಬ್ಜೆಕ್ಟಿನೊಳಗೇ ಇಡದೆ ಬೇರೆ ಕನ್ನಡಿಯಾಗಿ ಇಡಬೇಕು ಎಂದರು. ಕನ್ನಡಿ ಬೇರೆಯಿದ್ದರೆ ಯಾರಿಗೆ ಎಂಥದ್ದು ಕೊಡಬೇಕೆಂದು ತೀರ್ಮಾನಿಸಬಹುದು, ಬೇಡವಾದರೆ ತೆಗೆದೂಬಿಡಬಹುದು. ಲೇಖನದ ಹೆಸರೂ 'ಮಿರರ್ಸ್', ಕನ್ನಡಿಗಳು. ಜಾವಾ ಆ ದಾರಿ ಹಿಡಿಯಲಿಲ್ಲ, ಬಾಗಿಲು ಹಾಕತೊಡಗಿತು. 2017ರ 9ನೇ ಆವೃತ್ತಿ ಮಾಡ್ಯೂಲ್‌ಗಳನ್ನು ತಂದಿತು. ಮೊದಮೊದಲು ಹಳೆಯ ಇಣುಕುವಿಕೆಗೆ ಎಚ್ಚರಿಕೆಯಷ್ಟೇ ಬರುತ್ತಿತ್ತು. 2021ರ 16ನೇ ಆವೃತ್ತಿಯಲ್ಲಿ ತನ್ನ ಒಳಭಾಗಗಳಿಗೆ ಅದು ಬೀಗ ಜಡಿಯಿತು, ಅದೇ ವರ್ಷದ 17ನೆಯದರಲ್ಲಿ ಆ ಬೀಗವನ್ನು ಒಂದೇ ಏಟಿಗೆ ಸಡಿಲಿಸುವ ಆಯ್ಕೆಯೂ ಹೋಯಿತು. ಈಗ ಯಾವ ಭಾಗ ತೆರೆಯಬೇಕು, ಯಾರಿಗೆ ತೆರೆಯಬೇಕು ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು.