ಬೇಸ್ ಗಿಟಾರ್: ಗೋವಾದಲ್ಲಿ ಅಗ್ಗದ ವಾದ್ಯದ ಆಯ್ಕೆ ಮತ್ತು ಹದ

ಬೇಸ್ ಗಿಟಾರ್ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳಿರುವ, ಮಂದ್ರಸ್ವರಗಳನ್ನು ನುಡಿಸುವ ವಿದ್ಯುತ್ ವಾದ್ಯ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ಇದು ಎಲ್ಲೆಡೆ ಹರಡಿತು. ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಸಾಗಿಸುವ ಕಷ್ಟ ಅಲ್ಲಿಗೆ ತಪ್ಪಿತು.

ಗೋವಾದಲ್ಲಿ ಮದುವೆಯ ಆರತಕ್ಷತೆಗೂ ಚರ್ಚಿನ ಹಬ್ಬಕ್ಕೂ ಎದುರಿಗೇ ನುಡಿಸುವ ಬ್ಯಾಂಡ್ ಬೇಕು. 1892ರಲ್ಲಿ ಮುಂಬಯಿಯಲ್ಲಿ ಮೊದಲ ಪ್ರದರ್ಶನ ಕಂಡ ಕೊಂಕಣಿ ನಾಟಕ ಪ್ರಕಾರ ತಿಯಾತ್ರ್ ಕೂಡ ಇಂದಿಗೂ ಹಾಡು, ವಾದ್ಯಮೇಳಗಳ ಮೇಲೆಯೇ ನಿಂತಿದೆ. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತವರ ಪರಂಪರೆ ಇದರ ಬೆನ್ನಿಗಿದೆ. ದುಬಾರಿ ಸಲಕರಣೆ ಇಲ್ಲದೆಯೂ ದೊಡ್ಡ ಕೆಲಸ ಆಗುತ್ತದೆ ಎಂಬುದಕ್ಕೆ ಶಿವೋಲಿಯ ಗಾಯಕ ರೆಮೋ ಫರ್ನಾಂಡಿಸ್ ಸಾಕ್ಷಿ: 1984ರ ‘ಗೋವನ್ ಕ್ರೇಜಿ’ ಆಲ್ಬಮ್ಮನ್ನು ಅವರು ಮನೆಯಲ್ಲೇ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಮುದ್ರಿಸಿದರು.

ಹೊಸಬರು ಸಾಮಾನ್ಯವಾಗಿ ಯಮಾಹಾ, ಐಬನೀಸ್, ಕಾರ್ಟ್ ಅಥವಾ ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಾಯರ್‌ನ ಆರಂಭಿಕ ಮಾದರಿಗಳನ್ನು ನೋಡುತ್ತಾರೆ. ತಂತಿಯ ನುಡಿಯುವ ಉದ್ದ ಬಹುಪಾಲು 34 ಇಂಚು; ಪುಟ್ಟ ಕೈಗಳಿಗೆ 30 ಇಂಚಿನದು ಹಿತ. ಬಣ್ಣಕ್ಕಿಂತ ನೆಕ್, ಅಂದರೆ ತಂತಿ ಒತ್ತುವ ಉದ್ದನೆಯ ಕತ್ತು, ಮುಖ್ಯ. ಅದರ ಅಂಚಿಗೆ ಬೆರಳು ಸವರಿದಾಗ ಫ್ರೆಟ್ಟುಗಳ (ಅಡ್ಡ ಲೋಹಪಟ್ಟಿಗಳ) ತುದಿ ಚುಚ್ಚಬಾರದು, ಪ್ರತಿ ಫ್ರೆಟ್ಟಿನಲ್ಲೂ ಸ್ವರ ಝರಗುಟ್ಟದೆ ಬರಬೇಕು, ನೆಕ್ಕಿನೊಳಗಿದ್ದು ಅದರ ಬಾಗು ಸರಿಪಡಿಸುವ ಸರಳಾದ ಟ್ರಸ್ ರಾಡ್‌ನ ನಟ್ ಸವೆಯದೆ ತಿರುಗುವಂತಿರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಈ ಮೂರನ್ನು ನೋಡದೆ ಹಣ ಎಣಿಸಬಾರದು. ಆಂಪ್ಲಿಫೈಯರ್ ಬೇಸ್‌ಗೆಂದೇ ಮಾಡಿದ್ದಾಗಿರಲಿ. ಅತಿ ಕೆಳಗಿನ ‘ಇ’ ತಂತಿಯ ಕಂಪನ ಸುಮಾರು 41 ಹರ್ಟ್ಸ್. ದನಿ ಏರಿಸಿದರೆ ಮಾಮೂಲಿ ಗಿಟಾರಿನ ಸ್ಪೀಕರ್ ಅದನ್ನು ತಾಳಲಾರದೆ ಹಾಳಾಗಬಹುದು.

ಅಗ್ಗದ ವಾದ್ಯದ ನಿಜವಾದ ಬೆಲೆ ಗೊತ್ತಾಗುವುದು ಹದ ಮಾಡಿದ ಮೇಲೆ. ಪೆಟ್ಟಿಗೆಯಿಂದ ತೆಗೆದ ಹಾಗೆಯೇ ನುಡಿಸಿ, ತಂತಿ ಒತ್ತಲಾಗದೆ ಕಲಿಕೆಯನ್ನೇ ಬಿಟ್ಟವರಿದ್ದಾರೆ. ಅದು ಅನ್ಯಾಯದ ಸೋಲು. ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಬೇಕು. ಆಮೇಲೆ ‘ಇ’ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ಏಳು-ಎಂಟನೇ ಫ್ರೆಟ್ಟಿನ ಬಳಿ ನೋಡಿದರೆ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್, ಸಂದು ಕಾಣಬೇಕು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು ಬಿಗಿ ಮಾಡಬೇಕು, ಇಲ್ಲವೇ ಇಲ್ಲವೆಂದರೆ ಸಡಿಲಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಲ ಹಾಕಿದರೆ ನೆಕ್ಕೇ ಹೋದಂತೆ.

ನಂತರ ಬ್ರಿಡ್ಜಿನಲ್ಲಿ ತಂತಿಗಳು ಕೂರುವ ಸ್ಯಾಡಲ್‌ಗಳ ಎತ್ತರ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರದಲ್ಲಿದ್ದರೆ ಬೆರಳಿಗೆ ಸುಲಭ. ಕೊನೆಗೆ, ಅದೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನೂ ಬೆರಳು ಬರಿದೆ ತಾಗಿಸಿ ಹೊರಡಿಸಿದ ಹಾರ್ಮೋನಿಕ್ಕನ್ನೂ ಟ್ಯೂನರಿನಲ್ಲಿ ಹೋಲಿಸಿ, ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು.

ಗೋವಾದ ಹವೆ ಈ ಹದವನ್ನು ವರ್ಷಪೂರ್ತಿ ಇರಗೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನೆಕ್ಕಿನ ಮರ ತೇವ ಹೀರಿ ಅದರ ಬಾಗು ಬದಲಾಗುತ್ತದೆ; ಕಡಲ ಉಪ್ಪುಗಾಳಿಗೆ ತಂತಿ, ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ನುಡಿಸಿದ ಮೇಲೆ ತಂತಿ ಒರೆಸಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ರೂಢಿಯಾಗಬೇಕು. ಮಳೆ ನಿಂತ ಮೇಲೆ, ಮದುವೆಗಳ ಹಂಗಾಮಿಗೆ ಮುಂಚೆ, ನೆಕ್ಕಿನ ಬಾಗನ್ನು ಇನ್ನೊಮ್ಮೆ ಅಳೆಯಬೇಕಾಗುತ್ತದೆ.