ನಿಮ್ಮ ಉಡುಪಿನ ಶೈಲಿ ಅಭಿಜಾತವೋ, ಆಧುನಿಕವೋ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ಉಡುಗೆಯ ವಿಷಯವನ್ನು ನೋಡುವವರ ಪಾಲಿಗೆ ಬಿಟ್ಟುಕೊಟ್ಟಿದ್ದಾರೆ ನಮ್ಮ ಹಿರಿಯರು. ಆದರೆ ಬೆಳಗಿನ ಹೊತ್ತು ಕಪಾಟಿನ ಬಾಗಿಲು ತೆರೆದು ನಿಂತಾಗ ಎದುರಾಗುವ ಗೊಂದಲ ಮಾತ್ರ ಉಡುವವರದ್ದೇ. ಮದುವೆಗೆಂದು ಕೊಂಡ ರೇಷ್ಮೆ ಸೀರೆಯ ಮಡಿಕೆ ಎರಡನೆಯ ಸಲ ಬಿಚ್ಚಿಲ್ಲ. ರಿಯಾಯಿತಿಯಲ್ಲಿ ಸಿಕ್ಕಿತೆಂದು ತಂದ ಟಾಪ್‌ನ ಬೆಲೆಚೀಟಿ ಇನ್ನೂ ಹಾಗೆಯೇ ತೂಗಾಡುತ್ತಿದೆ. ಕಪಾಟು ತುಂಬಿದೆ, ಉಡಲು ಏನೂ ಇಲ್ಲ! ತನಗೆ ಒಪ್ಪುವ ಶೈಲಿ ಯಾವುದೆಂದು ಒಮ್ಮೆ ಖಚಿತ ಮಾಡಿಕೊಂಡವರಿಗೆ ಈ ಪೇಚು ಬಹುಮಟ್ಟಿಗೆ ತಪ್ಪುತ್ತದೆ, ಹಣವೂ ಉಳಿಯುತ್ತದೆ.

ವ್ಯತ್ಯಾಸ ಎಲ್ಲಿದೆ?

ಕ್ಲಾಸಿಕ್ ಎಂಬ ಮಾತಿಗೆ ಕನ್ನಡದಲ್ಲಿ 'ಅಭಿಜಾತ' ಎಂಬ ಪದ ಬಳಕೆಯಲ್ಲಿದೆ. ಇದನ್ನು 'ಹಳೆಯದು' ಎಂದು ತಿಳಿಯುವುದೇ ಮೊದಲ ತಪ್ಪು. ಹತ್ತು ವರ್ಷದ ಹಿಂದಿನ ಫೋಟೋದಲ್ಲಿ ಕಂಡಾಗಲೂ ಮುಜುಗರ ತಾರದ ಉಡುಪು ಅಭಿಜಾತ. ಮೈಯಳತೆಗೆ ಸರಿಯಾದ ಹೊಲಿಗೆ, ಎರಡು ಮೂರಕ್ಕೆ ಮೀರದ ಬಣ್ಣ, ಒಳ್ಳೆಯ ಬಟ್ಟೆ, ಮಿತವಾದ ಅಲಂಕಾರ ಇದರ ಲಕ್ಷಣ. ಆಧುನಿಕ ಶೈಲಿಯಾದರೋ ತನ್ನ ಕಾಲವನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಓರೆಯಾಗಿ ಕತ್ತರಿಸಿದ ಅಂಚು, ಬೇಕೆಂದೇ ಸಡಿಲ ಬಿಟ್ಟ ಭುಜ, ಒಂದಕ್ಕೊಂದು ಹೊಂದದ ಬಣ್ಣಗಳ ಜೋಡಣೆ ಅದರ ಗುರುತು. ಒಂದು ಮೇಲು, ಇನ್ನೊಂದು ಕೀಳು ಎಂಬ ಮಾತು ಇಲ್ಲಿ ಸಲ್ಲದು.

ಈ ಗೆರೆ ಸ್ಥಿರವೂ ಅಲ್ಲ. ಇಂದು ಕನ್ನಡ ನಾಡಿನ ಅಭಿಜಾತ ಉಡುಪಿನ ಪ್ರತೀಕವೆನಿಸಿದ ಮೈಸೂರು ರೇಷ್ಮೆ ಸೀರೆಯನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದಾಗ ಅಲ್ಲಿಗೆ ಮಗ್ಗಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಯಂತ್ರದ ಮಗ್ಗದಲ್ಲಿ ನೇಯ್ದ ನಯವಾದ ಕ್ರೇಪ್ ಬಟ್ಟೆ, ಮೈತುಂಬ ಒಂದೇ ಬಣ್ಣ, ಅಂಚಿಗೆ ಮಾತ್ರ ಜರಿ. ಭಾರವಾದ ಕೈಮಗ್ಗದ ಸೀರೆ ಉಡುತ್ತಿದ್ದವರ ಕಣ್ಣಿಗೆ ಅಂದು ಅದು ಅಪ್ಪಟ ಆಧುನಿಕ ವಸ್ತ್ರ. ಅಜ್ಜಿಯ ಕಾಲದ ಹೊಸತನ ಮೊಮ್ಮಗಳ ಕಾಲಕ್ಕೆ ಸಂಪ್ರದಾಯವಾಯಿತು.

ಸೀರೆ ಉಡುವ ಬಗೆಯ ಕಥೆಯೂ ಇದೇ. ಮುಂದೆ ನೆರಿಗೆ ಹಿಡಿದು, ರವಿಕೆ ಲಂಗಗಳೊಡನೆ ಸೆರಗನ್ನು ಎಡಭುಜದ ಮೇಲೆ ಹಾಕುವ ರೂಢಿ ಅನಾದಿ ಕಾಲದ್ದೆಂದು ಅನೇಕರು ನಂಬಿದ್ದಾರೆ. ಆದರೆ ವಿದ್ಯಾವಂತ ಮನೆತನಗಳಲ್ಲಿ ಇಂಥ ಉಡುಗೆ ಹರಡಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಮುಂಬಯಿಯ ಪಾರ್ಸಿ ಮಹಿಳೆಯರನ್ನು ನೋಡಿ ರೂಪಿಸಿಕೊಂಡ ವಿಧಾನ ಬಂಗಾಳದಲ್ಲಿ ಹೆಸರಾಯಿತು. ನಮ್ಮಲ್ಲಿ ಕಚ್ಚೆ ಹಾಕಿ ಉಡುವ ಉತ್ತರ ಕರ್ನಾಟಕದ ಪದ್ಧತಿ, ನೆರಿಗೆಯನ್ನು ಬೆನ್ನ ಹಿಂದೆ ತಿರುಗಿಸುವ ಕೊಡವರ ಪದ್ಧತಿ ಇವುಗಳಿಂದ ಬೇರೆಯಾಗಿಯೇ ಉಳಿದುಕೊಂಡಿವೆ.

ಇಳಕಲ್ಲಿನ ಪಾಠ

ಒಂದೇ ವಸ್ತ್ರ ಎರಡೂ ಶೈಲಿಗೆ ಒದಗಬಲ್ಲದು ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗಿಂತ ಉತ್ತಮ ಉದಾಹರಣೆ ಸಿಗದು. ಭೌಗೋಳಿಕ ಗುರುತು ಪಡೆದಿರುವ ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾಮಾನ್ಯವಾಗಿ ಒಡಲಿಗೆ ಹತ್ತಿ ನೂಲು, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಆದ್ದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ನೇಕಾರರ ಮನೆಯವರೆಲ್ಲ ಕೈಜೋಡಿಸಿದರೆ ಮಾತ್ರ ಕೆಲಸ ಸಾಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು ಸಾಲಾಗಿ ನಿಂತಂತೆ ಕಾಣುವ 'ತೋಪುತೆನೆ' ಇದರ ಹೆಗ್ಗುರುತು.

ಇದೇ ಸೀರೆಯನ್ನು ಗುಳೇದಗುಡ್ಡದ ಖಣದ ರವಿಕೆಯೊಡನೆ ಉಟ್ಟರೆ ಅಭಿಜಾತ. ಬಿಳಿ ಅಂಗಿಯ ಮೇಲೆ ಉಟ್ಟು, ಸೊಂಟಕ್ಕೆ ಚರ್ಮದ ಬೆಲ್ಟ್ ಬಿಗಿದರೆ ಆಧುನಿಕ. ಖಣವೇ ಈಗ ರವಿಕೆಯಿಂದ ಹೊರಬಂದು ಕುರ್ತಾ, ಕೈಚೀಲಗಳಾಗಿದೆ. ನಗರದ ಯುವತಿಯರು ಹೀಗೆ ಉಡತೊಡಗಿದ್ದಕ್ಕೆ ಹುಬ್ಬೇರಿಸುವವರಿದ್ದಾರೆ. ಆದರೆ ಸೀರೆ ಮಾರಾಟವಾಗದೆ ಮಗ್ಗ ನಿಲ್ಲುವುದಕ್ಕಿಂತ ಬೆಲ್ಟ್ ಕಟ್ಟಿಸಿಕೊಂಡು ನಡೆಯುವುದು ಲೇಸಲ್ಲವೇ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡೂ ಶೈಲಿಯವರು ಮೋಸ ಹೋಗುವುದು ಬಟ್ಟೆಯ ಗುಣದಲ್ಲಿ. ತೋಪುತೆನೆಯ ವಿನ್ಯಾಸವನ್ನು ಮುದ್ರಿಸಿದ ಸೀರೆಗಳೂ ಅಗ್ಗದ ಬೆಲೆಗೆ ದೊರೆಯುತ್ತವೆ. ಸೆರಗು ಒಡಲನ್ನು ಸೇರುವ ಜಾಗವನ್ನು ಬೆಳಕಿಗೆ ಹಿಡಿದರೆ ನಿಜವಾದ ಇಳಕಲ್ಲಿನಲ್ಲಿ ಕುಣಿಕೆಯ ಗೆರೆ ಕಾಣುತ್ತದೆ, ಮುದ್ರಿಸಿದ್ದರಲ್ಲಿ ಇರುವುದಿಲ್ಲ. ಧಾರವಾಡದ ಕಡೆಯ ಕಸೂತಿಗೂ ಇಂಥದೇ ಪರೀಕ್ಷೆ. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ ಹೊಲಿಗೆ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುತ್ತದೆ; ಬಟ್ಟೆ ತಿರುವಿ ನೋಡಿದಾಗ ದಾರದ ಗಂಟುಗಳು ಎದ್ದು ಕಂಡರೆ ಸಂಶಯಪಡಬೇಕು.

ಕಂಡುಕೊಳ್ಳುವ ಬಗೆ

ಶೈಲಿಯನ್ನು ಅರಿಯಲು ಕನ್ನಡಿಗಿಂತ ಒಗೆಯುವ ಬಟ್ಟೆಯ ಬುಟ್ಟಿ ಹೆಚ್ಚು ನಂಬಿಕೆಗೆ ಅರ್ಹ. ಒಂದು ತಿಂಗಳಲ್ಲಿ ನಿಜವಾಗಿ ಉಟ್ಟ ಬಟ್ಟೆಗಳನ್ನಷ್ಟೇ ಮಂಚದ ಮೇಲೆ ಹರಡಿ. ಇಷ್ಟವೆಂದು ಹೇಳಿಕೊಳ್ಳುವ ಬಟ್ಟೆಗೂ ಕೈ ತಾನಾಗಿ ಎತ್ತಿಕೊಳ್ಳುವ ಬಟ್ಟೆಗೂ ಇರುವ ಅಂತರ ಆಗ ತಿಳಿಯುತ್ತದೆ. ಒಂದೇ ಬಗೆಯ ಕೊರಳು, ಒಂದೇ ಉದ್ದದ ತೋಳು, ಹತ್ತಿರದ ಬಣ್ಣಗಳು ಮತ್ತೆ ಮತ್ತೆ ಬಂದಿದ್ದರೆ ಮನಸ್ಸು ಅಭಿಜಾತದತ್ತ ಒಲಿದಿದೆ ಎನ್ನಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಆಕಾರಗಳಿದ್ದರೆ, ಅವನ್ನು ಉಟ್ಟ ದಿನ ಉಲ್ಲಾಸವೂ ಇದ್ದರೆ, ಆಧುನಿಕ.

ದರ್ಜಿಯ ಅಂಗಡಿ ಇನ್ನೊಂದು ಪರೀಕ್ಷಾ ಸ್ಥಳ. ಅಳತೆ ರವಿಕೆ ಕೊಟ್ಟು 'ಇದರಂತೆಯೇ ಹೊಲಿಯಿರಿ' ಎಂದು ಹೊರಟುಬಿಡುವವರು ಒಂದು ವರ್ಗ. ಮೊಬೈಲಿನಲ್ಲಿ ಚಿತ್ರ ತೋರಿಸಿ, ಬೆನ್ನಿನ ವಿನ್ಯಾಸಕ್ಕಾಗಿ ಅರ್ಧ ಗಂಟೆ ಚರ್ಚಿಸುವವರು ಇನ್ನೊಂದು ವರ್ಗ. ಇವರಲ್ಲಿ ಯಾರೆಂಬುದನ್ನು ದರ್ಜಿ ಬಲ್ಲರು, ಕೇಳಿದರೆ ಹೇಳುತ್ತಾರೆ ಕೂಡ.

ಪುರುಷರ ವಿಚಾರ ಹೆಚ್ಚು ಸರಳ. ಪ್ಯಾಂಟಿನ ಕಾಲಗಲವೇ ಸಾಕ್ಷಿ. 1970ರ ದಶಕದ ಬೆಲ್‌ಬಾಟಮ್ ಹಾಗೂ 2010ರ ದಶಕದಲ್ಲಿ ಕಾಲಿಗಂಟಿದ ಪ್ಯಾಂಟು, ಎರಡೂ ತಮ್ಮ ತಮ್ಮ ಕಾಲದಲ್ಲಿ ಮೆರೆದು ಹಿಂದೆ ಸರಿದವು. ನೇರ ಹೊಲಿಗೆಯ ಪ್ಯಾಂಟು ಮಾತ್ರ ಆಗಲೂ ಇತ್ತು, ಈಗಲೂ ಇದೆ. ಜರಿಯಂಚಿನ ಪಂಚೆ, ಬಿಳಿ ಅಂಗಿ, ಮುಚ್ಚು ಕೊರಳಿನ ಕೋಟು ಅಭಿಜಾತದ ಸಾಲಿಗೆ ಸೇರುತ್ತವೆ.

ಬಹುಪಾಲು ಜನ ಎರಡರ ನಡುವೆ ಇರುವವರು. ಕಚೇರಿಗೆ ಒಂದು, ಹಬ್ಬಕ್ಕೆ ಇನ್ನೊಂದು ಎಂದು ಹಂಚಿಕೊಂಡವರಿಗೆ ತೊಂದರೆಯಿಲ್ಲ. ಒಂದೇ ಉಡುಪಿನಲ್ಲಿ ಎರಡನ್ನೂ ಬೆರೆಸುವಾಗ ಮಾತ್ರ ಒಂದರ ಕೈ ಮೇಲಿರಲಿ. ಮೈಸೂರು ರೇಷ್ಮೆಗೆ ಹೊಸ ಬಗೆಯ ರವಿಕೆ ಒಪ್ಪುತ್ತದೆ. ಅದರ ಜೊತೆಗೆ ಆಭರಣ, ಪಾದರಕ್ಷೆ, ಕೇಶವಿನ್ಯಾಸ ಎಲ್ಲವನ್ನೂ ಹೊಸದಾಗಿಸಿದರೆ ಸೀರೆ ಮರೆಯಾಗುತ್ತದೆ.

ಇನ್ನು ತಮ್ಮ ಶೈಲಿಗೆ ಒಗ್ಗದ, ಆದರೆ ಕೊಡಲು ಮನಸ್ಸು ಬಾರದ ಸೀರೆಗಳ ಪ್ರಶ್ನೆ. ಜರಿ ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಕೂಡದು. ಉಟ್ಟು ಸವೆದ ಹತ್ತಿ ಸೀರೆಗಳಿಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬಹು ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಅವನ್ನು ಪದರ ಪದರವಾಗಿ ಹಾಸಿ, ಕೈಯಿಂದ ಹೊಲಿದು, ಕೌದಿ ಮಾಡುತ್ತಾರೆ.